ಬುಧವಾರದ ತಣ್ಣನೆಯ ನೆಲ

ಗುನ್‌ಸಾನ್ ಎಂಬ ಕೊರಿಯಾದ ಬಂದರಿನ ಮೀನು ಮಾರುವ ಹೆಂಗಸರು ಬೆನ್ನು ಹಿಡಿದುಕೊಂಡರೆ ಸೀದಾ ಮಾಲ್ಜಾಳ ಬಾಗಿಲಿಗೇ ಬರುತ್ತಿದ್ದರು. ಹತ್ತೊಂಬತ್ತಕ್ಕೆ ಎರಡೂ ಕಣ್ಣು ಕಳೆದುಕೊಂಡು, ಕುರುಡರ ಶಾಲೆಯಲ್ಲಿ ಮಾಲೀಸು ಕಲಿತು, ಮೂವತ್ತು ವರ್ಷ ಒಂದೇ ಕೋಣೆಯಲ್ಲಿ ಕೈ ಸವೆಸಿದವಳು. ಅಲ್ಲಿ ಗ್ಯಾಸ್ ಉರಿಸಿ ಮನೆಯ ನೆಲವನ್ನೇ ಕಾಯಿಸುತ್ತಾರೆ; ಆ ಶಾಖ ಚೆನ್ನಾಗಿ ತಾಗುವ ಮೂಲೆಯಲ್ಲಿ ಮಲಗಿಸಿ, ಬಿಸಿ ಟವೆಲ್ ಹೊದಿಸಿ, ಮೂಳೆ ಲಟಲಟ ಅನ್ನುವಂತೆ ಒತ್ತುವುದು ಅವಳ ಕ್ರಮ.

ಆ ಜನವರಿಯಲ್ಲಿ ಯುರಾ ಎಂಬವಳು ಅತ್ತೆಯ ತೋಳು ಹಿಡಿದು ಬಂದಳು. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರದ ಕಾಯಿಲೆ. ಕಾಲುಗಳು ಕೊರಡಿನಂತೆ ಬಿಗಿದು, ಹೇಳದೆ ಕೇಳದೆ ಒದೆಯುತ್ತಿದ್ದವು. ಒಮ್ಮೆ ತೊಡೆಯ ಮೇಲೆ ಮಲಗಿದ್ದ ಒಂದೂವರೆ ವರ್ಷದ ಮಗಳು ಹರಿನ್‌ಳನ್ನೇ ಉರುಳಿಸಿಬಿಟ್ಟಿದ್ದವು. ಅಂದಿನಿಂದ ಮಗು ಅಮ್ಮನ ಹತ್ತಿರ ಬರಲು ಹೆದರುತ್ತಿತ್ತು.

"ನಡೆಯೋದೆಲ್ಲ ಆಮೇಲೆ ಅಕ್ಕ," ಎಂದಳು ಯುರಾ. "ಹರಿನ್ ಮತ್ತೆ ನನ್ನ ತೊಡೆ ಮೇಲೆ ಕೂರಬೇಕು. ಅಷ್ಟು ಮಾಡ್ಕೊಡಿ."

ಬಂದವರಿಗೆ ಬೆಚ್ಚನೆಯ ಜಾಗ ಬಿಟ್ಟುಕೊಡುವುದೇ ಮರ್ಯಾದೆ. ಮಾಲ್ಜಾ ಅವಳನ್ನು ಅದೇ ಮೂಲೆಯಲ್ಲಿ ಮಲಗಿಸಿದಳು, ಬಿಸಿ ಟವೆಲ್ ಸುತ್ತಿದಳು. ಅರ್ಧ ಗಂಟೆಯ ಮೇಲೆ ಏಳಲು ಹೋದರೆ ಯುರಾಳ ಕಾಲಲ್ಲಿ ಜೀವವೇ ಇಲ್ಲ, ಕಣ್ಣೂ ಮಂಜುಮಂಜು.

"ಕಣ್ಣಿಲ್ಲದೋಳ ಕೈಗೆ ಕೊಟ್ಟೆನಲ್ಲ, ನನ್ನ ಬುದ್ಧಿಗಿಷ್ಟು!" ಅತ್ತೆ ಕಿರುಚಿದಳು.

"ಬೈಬೇಡಿ ಅತ್ತೆ. ಮೈ ಬಿಸಿಯಾಗಬಾರದು ಅಂತ ಡಾಕ್ಟರು ಹೇಳಿದ್ರು. ದೊಡ್ಡೋರು ಕೊಟ್ಟ ಜಾಗ ಬೇಡ ಅನ್ನೋದು ಹೇಗೆ ಅಂತ ನಾನೇ ಸುಮ್ಮನಿದ್ದೆ."

ಕಿಟಕಿ ತೆರೆದು ಕಾದರು. ಮುಕ್ಕಾಲು ಗಂಟೆಗೆ ಕಾಲಿಗೆ ಬಲ ಮರಳಿತು. ಇನ್ನು ಬರಬೇಡ ಎಂದು ಹೇಳಿ ಮಾಲ್ಜಾ ಕೈ ತೊಳೆದುಕೊಳ್ಳಬಹುದಿತ್ತು. ಅವಳು ಮರುದಿನವೇ ಆಸ್ಪತ್ರೆಗೆ ಹೋಗಿ, ಯುರಾಳನ್ನು ನೋಡುವ ಫಿಸಿಯೋಥೆರಪಿಸ್ಟನ ಮುಂದೆ ಹೊಸ ವಿದ್ಯಾರ್ಥಿನಿಯಂತೆ ಕೂತಳು. ಶಾಖ ಬೇಡ, ಗುದ್ದು ಬೇಡ, ನಿಧಾನವಾಗಿ ನೀವಬೇಕು. ರೋಗ ಹೋಗುವುದಿಲ್ಲ, ಬಿಗಿತ ಸ್ವಲ್ಪ ಸಡಿಲವಾದೀತು ಎಂದ ಅವನು.

ಯುರಾಳಿಗೆ ಫೋನ್ ಮಾಡಿದಳು. "ಬುಧವಾರ ಬಾ. ನೆಲ ತಣ್ಣಗಿರುತ್ತೆ."

ಆ ಬುಧವಾರ ಬೆಳಿಗ್ಗೆಯೇ ಬಂದ ಮೀನಿನ ಹೆಂಗಸೊಬ್ಬಳು ಗೊಣಗಿದಳು: "ಏನೇ ಮಾಲ್ಜಾ, ಗ್ಯಾಸ್ ಕಿತ್ಕೊಂಡು ಹೋದ್ರಾ? ನನ್ನ ಐಸ್ ಪೆಟ್ಟಿಗೆನೇ ಬೆಚ್ಚಗಿದೆ!"

"ನೀನು ಗುರುವಾರ ಬಾ, ಸುಟ್ಟು ಕಳಿಸ್ತೀನಿ."

ಆದರೆ ಬೆರಳು ತಣ್ಣಗಿದ್ದರೆ ಯುರಾಳ ಮೀನಖಂಡ ಮುಟ್ಟಿದೊಡನೆ ಬೆಚ್ಚಿ ಸೆಟೆಯುತ್ತಿತ್ತು. ಮಾಲ್ಜಾ ದಪ್ಪ ಅಂಗಿ ತೊಟ್ಟು, ಕಂಕುಳಲ್ಲಿ ಕೈ ಬೆಚ್ಚಗೆ ಮಾಡಿಕೊಂಡು, ಮತ್ತೆ ಮತ್ತೆ ನೀವಿದಳು. ಒಂದು ವಾರ ಸಡಿಲ, ಇನ್ನೊಂದು ವಾರ ಮತ್ತೆ ಕೊರಡು. ಇಬ್ಬರೂ ಬಿಡಲಿಲ್ಲ.

ಏಳನೆಯ ಬುಧವಾರ ಅತ್ತೆ ಮಗುವನ್ನೂ ಕರೆತಂದಳು. ಯುರಾ ಗೋಡೆಗೊರಗಿ ಕಾಲು ಚಾಚಿ ಕೂತಿದ್ದಳು. ಮೀನಖಂಡ ಮಾಲ್ಜಾಳ ಕೈಯಲ್ಲಿತ್ತು. ಯುರಾಳ ಕೈಯಲ್ಲಿದ್ದ ಪಿಯರ್ ಹಣ್ಣಿನ ಹೋಳಿನ ಆಸೆಗೆ ಹರಿನ್ ಒಂದೊಂದೇ ಹೆಜ್ಜೆ ಇಟ್ಟು, ಕೊನೆಗೆ ಅಮ್ಮನ ತೊಡೆಯ ಮೇಲೆ ಕುಳಿತಿತು. ಬೆರಳಿನಡಿ ಸ್ನಾಯು ಸಣ್ಣಗೆ ಅದುರಿತು. ಮಾಲ್ಜಾ ಅಂಗೈ ಒತ್ತಿ ಇಟ್ಟಳು. ನಡುಕ ಅಲ್ಲೇ ಕರಗಿತು. ಮಗು ಹಣ್ಣು ಕಚ್ಚುವ ಸದ್ದು ಕೇಳಿಸಿತು.

ಅತ್ತೆ ಮೂಗು ಸೀಟಿದಳು. "ಅವತ್ತು ಬಾಯಿಗೆ ಬಂದ ಹಾಗೆ ಅಂದ್ಬಿಟ್ಟೆ ಕಣಮ್ಮ..."

"ಅಳೋದು ಆಮೇಲೆ ಅಳಿ," ಎಂದಳು ಮಾಲ್ಜಾ. "ಇನ್ನೊಂದು ಕಾಲು ಬಾಕಿ ಇದೆ."