ನಾಲ್ಕನೆಯ ಮಹಡಿಯೂ ನನ್ನ ಮಂಡಿಯೂ

ದೆಹಲಿಯ ದ್ವಾರಕಾದ ನಮ್ಮ ಮನೆ ನಾಲ್ಕನೆಯ ಮಹಡಿಯಲ್ಲಿದೆ. ಲಿಫ್ಟ್ ಇಲ್ಲ. ಕೇಂದ್ರ ಸರ್ಕಾರದಲ್ಲಿ ಗುಮಾಸ್ತರಾಗಿದ್ದ ನನ್ನ ಗಂಡ ನಿವೃತ್ತರಾದ ಮರುವರ್ಷವೇ ನನ್ನ ಮಂಡಿ ಕೈಕೊಟ್ಟಿತು. ಡಾಕ್ಟರು ಸವೆತ ಎಂದರು. ನಾನು ಮೆಟ್ಟಿಲು ಇಳಿಯುವುದನ್ನೇ ಬಿಟ್ಟೆ. ತರಕಾರಿಗೆ ಬಾಲ್ಕನಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಬಿಡುತ್ತಿದ್ದೆ. ತರಕಾರಿ ಗಾಡಿಯ ಭಯ್ಯಾ ಬಲಿತ ಬೆಂಡೆಕಾಯನ್ನೆಲ್ಲ ಅದರಲ್ಲಿ ತುಂಬಿ ಕಳಿಸುತ್ತಿದ್ದ. ಮೇಲಿಂದ ಎಷ್ಟು ಬೈದರೂ ಅವನಿಗೆ ತಾಗುತ್ತಿರಲಿಲ್ಲ.

ನಮ್ಮವರು ಫರೀದಾಬಾದಿನಲ್ಲಿ ನೆಲಮಹಡಿಯ ಮನೆಯೊಂದನ್ನು ನೋಡಿ ಬಂದರು. "ಇದನ್ನ ಮಾರಿಬಿಡೋಣ. ಹತ್ತೋದು ಇಳಿಯೋದು ನಿನ್ನ ಕೈಲಿ ಆಗಲ್ಲ," ಎಂದರು. ಬೆಳಗಿನ ಬಿಸಿಲು ನೇರ ಅಡುಗೆಮನೆಗೇ ಬರುವ ಈ ಮನೆಯನ್ನು ಬಿಡಲು ನನಗೆ ಸುತರಾಂ ಇಷ್ಟವಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ 'ಆಗಲ್ಲ' ಎಂದದ್ದು ಮೈ ಉರಿಸಿತು.

ಹಟಕ್ಕೆ ಬಿದ್ದು ನಾನು ಮನೆಗೇ ಕರೆಸಿದ ಫಿಸಿಯೋಥೆರಪಿಸ್ಟ್ ಹುಡುಗಿ ನನ್ನ ಮಂಡಿ ಬಿಟ್ಟು ತೊಡೆಯನ್ನು ಅಮುಕಿ ನೋಡಿದಳು. "ಆಂಟೀಜಿ, ಆರಾಮ್ ಬಹುತ್ ಹೋ ಗಯಾ," ವಿಶ್ರಾಂತಿ ಅತಿಯಾಯಿತು ಎಂದು ನಕ್ಕಳು. ತೊಡೆ ಗಟ್ಟಿಯಾದರೆ ಮಂಡಿಗೆ ಆಸರೆಯಂತೆ. ಕುರ್ಚಿಯಲ್ಲಿ ಕೂತು ಕಾಲು ನೇರ ಚಾಚಿ, ತೊಡೆ ಬಿಗಿಹಿಡಿದು, ನಿಧಾನವಾಗಿ ಇಳಿಸಬೇಕು. ಮಂಡಿಯಡಿ ಸುತ್ತಿದ ಟವೆಲ್ ಇಟ್ಟು ಒತ್ತಬೇಕು. ಕೈಯೂರದೆ ಕುರ್ಚಿಯಿಂದ ಎದ್ದು ಕೂರಬೇಕು. ಸ್ವಲ್ಪ ನೋವಾದರೆ ಪರವಾಗಿಲ್ಲ, ಊದಿಕೊಂಡರೆ ನಿಲ್ಲಿಸಬೇಕು. ಇಷ್ಟೇನಾ ಎಂದುಕೊಂಡೆ. ಮೊದಲ ದಿನ ಕುರ್ಚಿಯಿಂದ ಏಳಲಾಗದೆ ಅತ್ತೇಬಿಟ್ಟೆ.

ಆದರೂ ಬಿಡಲಿಲ್ಲ. ಚಹಾ ಕುದಿಯುವಾಗ, ಕುಕ್ಕರ್ ಕೂಗುವಾಗ, ನಮ್ಮವರು ಟಿವಿಯ ಮುಂದೆ ಕೂತು ಸರ್ಕಾರವನ್ನು ಬೈಯುವಾಗಲೂ ನನ್ನ ಕಾಲು ಏಳುತ್ತ ಇಳಿಯುತ್ತಲೇ ಇತ್ತು. ಚಳಿಗಾಲ ಕಳೆಯುವಷ್ಟರಲ್ಲಿ ಒಂದು ಮಹಡಿ ಇಳಿದು ಹತ್ತಿದೆ. ಹೋಳಿಯ ಹೊತ್ತಿಗೆ ನಾಲ್ಕನ್ನೂ. ಮಂಡಿ ಈಗಲೂ ಗೊಣಗುತ್ತದೆ, ಆದರೆ ತಡೆಯುವುದಿಲ್ಲ. ಗಾಡಿಯ ಮುಂದೆ ನನ್ನನ್ನು ಕಂಡ ಭಯ್ಯಾ ಬಲಿತ ಬೆಂಡೆಕಾಯನ್ನು ಮೆಲ್ಲಗೆ ಗೋಣಿಯಡಿ ಸರಿಸಿದ.

ನಮ್ಮವರಿಗೆ ಮಾತ್ರ ನಂಬಿಕೆ ಬರಲಿಲ್ಲ. "ಇದೆಲ್ಲ ನಾಲ್ಕು ದಿನದ ಉತ್ಸಾಹ," ಎನ್ನುತ್ತ, ಮನೆ ಕೊಳ್ಳಲು ಬಂದವನೊಬ್ಬನನ್ನು ಒಂದು ದಿನ ಕರೆತಂದರು. ಜಿಮ್ಮಿನಲ್ಲಿ ಬೆಳೆಸಿದ ತೋಳಿನ ತರುಣ. ಕೆಳಗೆ ತರಕಾರಿ ಕೊಳ್ಳುತ್ತಿದ್ದ ನಾನು ಚೀಲ ಹಿಡಿದು ಅವರ ಮುಂದೆ ಮೆಟ್ಟಿಲು ಹತ್ತಿದೆ. ಮೂರನೆಯ ಮಹಡಿಯಲ್ಲಿ ಅವನು ಮೆಟ್ಟಿಲ ಕಂಬಿಗೆ ಒರಗಿ, "ಲಿಫ್ಟ್ ನಹೀಂ ಹೈ ಕ್ಯಾ?" ಎಂದು ಏದುಸಿರು ಬಿಟ್ಟ. "ನಹೀಂ ಜಿ," ಎಂದೆ. ನನಗೆಷ್ಟು ಖುಷಿಯಾಯಿತೆಂದು ಹೇಳಲಾರೆ. ಅವನು ಮನೆ ನೋಡದೆಯೇ ಇಳಿದುಹೋದ.

ನಾನು ಬಾಗಿಲು ತೆರೆದು ನಿಂತೆ. ನಮ್ಮವರು ಇನ್ನೂ ಕೆಳಗಿನ ತಿರುವಿನಲ್ಲಿ ತಮ್ಮ ಮಂಡಿ ಹಿಡಿದುಕೊಂಡಿದ್ದರು.

"ನಿಮ್ಮ ಕೈಲಿ ಆಗುತ್ತಾ?" ಎಂದು ಕೇಳಿದೆ.

"ಮಾರೋದು ಬೇಡ ಬಿಡು," ಎಂದರು. "ಆ ಟವೆಲ್ ಎಲ್ಲಿಟ್ಟಿದ್ದೀಯ?"