ಘಾಟಿ ಪಕ್ಕೀರಮ್ಮ

ನಮ್ಮ ಕೂಡ್ಲಿಗಿ ಕಡೆ ಘಾಟಿ ಎಂದರೆ ಯಾರ ಬಲೆಗೂ ಬೀಳದ ಗಟ್ಟಿಗಿತ್ತಿ. ಗೋವಾದ ಜನ ತನ್ನನ್ನು ಹಾಗೆ ಕರೆದಾಗ ಪಕ್ಕೀರಮ್ಮ ಹಿಗ್ಗಿದ್ದು ಅದಕ್ಕೇ. ಉಗಾದಿಗೆ ಬಂದವಳು ನಮ್ಮ ಕೇರಿಯ ಕಟ್ಟೆಯ ಮೇಲೆ ಕೂತು, “ಅವರ ಮಾತು ನನಗ ಬರಂಗಿಲ್ಲ, ಆದ್ರೂ ನನ್ನ ಗುಣ ತಿಳಕಂಡಾರ ನೋಡ್ರಿ” ಎಂದು ಬೀಗುತ್ತಿದ್ದಳು. ಘಟ್ಟ ಇಳಿದು ಬಂದ ಕೂಲಿಗಳನ್ನು ಅಲ್ಲಿಯವರು ಹೀಗಳೆಯುವ ಮಾತದು ಎಂದು ನಮಗಾದರೂ ಎಲ್ಲಿ ಗೊತ್ತಿತ್ತು? ಹೌದೌದು ಅಂದೆವು.

ಗೋವಾ ರಾಜ್ಯವಾದ ವರ್ಷವೇ ಗಂಡ ಗಾಳೆಪ್ಪನ ಜೊತೆ ಅಲ್ಲಿಗೆ ಹೋದವಳು ಆಕೆ. ಮರಳು ಹೊತ್ತಳು, ಮಗಳು ಮಂಜಮ್ಮನನ್ನು ಅಲ್ಲೇ ಹೆತ್ತಳು. ಕಟ್ಟಡದ ಸಾರವೆ ಮುರಿದು ಬಿದ್ದು ಗಾಳೆಪ್ಪ ಸತ್ತಾಗ ಹೆಣ ಊರಿಗೆ ತರಲಾಗದೆ ಗುಡಿಸಲ ಹಿಂದಿನ ಇಳಿಜಾರಿನಲ್ಲೇ ಮಣ್ಣು ಮಾಡಿದರು. ಆಮೇಲೆ ಉಗಾದಿಗೂ ಬರಲಿಲ್ಲ. ಕರೆದರೆ, “ಅವನ್ನೊಬ್ಬನ್ನ ಬಿಟ್ಟು ಹೆಂಗ ಬರ್ಲಿ? ಅಮಾಸಿಗೆ ನೀರು ಬಿಡಾರು ಯಾರು?” ಎಂದು ಹೇಳಿಕಳಿಸಿದಳು.

ನಮಗೆ ನವೆಂಬರ್ ಒಂದು ಹೇಗೋ ಗೋವಾದವರಿಗೆ ಮೇ ಮೂವತ್ತು. ಎರಡು ಸಾವಿರದ ಮೂರರ ಆ ದಿನ ಮೈದಾನ ಗುಡಿಸುವ ಕೆಲಸ ಪಕ್ಕೀರಮ್ಮನಿಗೇ ಸಿಕ್ಕಿತ್ತು. ಗುಡಿಸಿ, ಮಗಳ ಜೊತೆ ಹಿಂದೆ ನಿಂತು ಭಾಷಣ ಕೇಳಿದಳು. ಪೋರ್ಚುಗೀಸರ ನಾನೂರೈವತ್ತು ವರ್ಷ, ಜೈಲಿಗೆ ಹೋದವರು, ಡಿಸೆಂಬರಿನಲ್ಲಿ ಬಂದ ಭಾರತದ ಸೈನ್ಯ, ಮಹಾರಾಷ್ಟ್ರಕ್ಕೆ ಸೇರುವುದಿಲ್ಲವೆಂದು ಹಾಕಿದ ಓಟು, ಕೊಂಕಣಿಗಾಗಿ ನಡೆದ ಜಗಳ, ಕೊನೆಗೆ ಸ್ವಂತ ರಾಜ್ಯ. ಅಲ್ಲಿಯ ಶಾಲೆಯಲ್ಲಿ ಕಲಿತಿದ್ದ ಮಂಜಿ ಎಲ್ಲವನ್ನೂ ತಾಯಿಯ ಕಿವಿಗೆ ಹೇಳುತ್ತಿದ್ದಳು. “ಪಾಪ, ಇವ್ರೂ ಭಾಳ ಕಷ್ಟ ಪಟ್ಟಾರ” ಎಂದು ಪಕ್ಕೀರಮ್ಮ ಕಣ್ಣೊರೆಸಿಕೊಂಡಳು. ಆಗ ಒಬ್ಬ ಮುಖಂಡ ದನಿ ಏರಿಸಿ ಘಾಟಿ ಎಂದ. ತನ್ನಂಥವರನ್ನೇ ಹೊಗಳುತ್ತಿದ್ದಾನೆಂದು ಈಕೆ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದಳು. ಮಂಜಿ ಕೈ ಹಿಡಿದು, “ತಟ್ಟಬ್ಯಾಡಬೇ. ಘಾಟಿಗಳ ಗುಡ್ಲಾ ಕಿತ್ತಿ ಒಗಿತೀವಿ ಅನ್ನಾಕತ್ಯಾನ” ಅಂದಳು.

ಇದನ್ನು ಹೇಳುವಾಗ ನನಗೆ ಇಂದಿಗೂ ಮೈ ಉರಿಯುತ್ತದೆ. ಅಷ್ಟು ದೊಡ್ಡ ದೊರೆಗಳನ್ನು ಓಡಿಸಿದ ನೆಲಕ್ಕೆ ಕಸ ಗುಡಿಸುವವಳೊಬ್ಬಳು ಭಾರವಾದಳೇ?

ಮಳೆಗಾಲ ಮುಗಿದ ಕೂಡಲೇ ಬುಲ್ಡೋಜರ್ ಬಂತು. ಗುಡಿಸಲುಗಳೆಲ್ಲ ನೆಲಸಮವಾದವು. ಅದು ಇಳಿಜಾರಿನತ್ತ ಹೊರಳಿದಾಗ ಪಕ್ಕೀರಮ್ಮ ಅಡ್ಡ ನಿಂತಳು. ನಡೆಸುತ್ತಿದ್ದವನು ತಂಬ್ರಹಳ್ಳಿಯ ಓಬಳೇಶ, ನಮ್ಮ ಕಡೆಯವನೇ; ಹೊಟ್ಟೆಪಾಡು. “ಅಲ್ಲಿ ನನ್ನ ಗಂಡ ಅದಾನಪ್ಪ” ಎಂದಳು. ಅವನು ಯಂತ್ರ ನಿಲ್ಲಿಸಿ ಕೆಳಗಿಳಿದ.

“ಎಲ್ಲಿ ತೋರ್ಸು ಯವ್ವಾ. ಅಷ್ಟು ಬಿಟ್ಟು ಹೊಡಿತೀನಿ.”

ಆಕೆ ತಿರುಗಿ ನೋಡಿದಳು. ಮಳೆಗೆ ಗೋರಿಯ ದಿಬ್ಬ ಕರಗಿತ್ತು. ಹಿಂಬಾಗಿಲಿನಿಂದ ನೇರ ನಡೆದರೆ ಗಾಳೆಪ್ಪ, ಆಕೆಗಿದ್ದ ಗುರುತು ಅದೊಂದೇ. ಈಗ ಬಾಗಿಲೂ ಇರಲಿಲ್ಲ, ಮನೆಯೂ ಇರಲಿಲ್ಲ. ಇಲ್ಲಿ ಅಂದಳು, ಅಲ್ಲ ಅಲ್ಲಿ ಅಂದಳು, ಆಮೇಲೆ ಕೈ ಇಳಿಸಿದಳು. ಓಬಳೇಶ ಸ್ವಲ್ಪ ಹೊತ್ತು ಕಾದು, ಮೇಲೆ ಹತ್ತಿ ಯಂತ್ರ ಶುರು ಮಾಡಿದ.