ರತ್ನಮ್ಮನ ಮಣಿಕಟ್ಟಿನಲ್ಲಿ ಕೇಳಿಸಿದ್ದು

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ನಂಬುತ್ತಿರಲಿಲ್ಲ. ಎದುರಿಗೆ ತಲೆಯಾಡಿಸಿ, ಆಮೇಲೆ ನಕ್ಕದ್ದೂ ಉಂಟು. ಈಗ ನೀವು ನನ್ನನ್ನು ನೋಡಿ ನಕ್ಕರೆ ಬೇಸರವಿಲ್ಲ.

ಕೆಲವು ವರ್ಷಗಳ ಹಿಂದೆ ನಾನು ಹಿಂದೂಪುರದಲ್ಲಿ ಎಚ್‌ಐವಿ ಇರುವವರಿಗೆ ಸಲಹೆ ಹೇಳುವ ಕೆಲಸದಲ್ಲಿದ್ದೆ. ಮಾತ್ರೆ ತಪ್ಪಿಸಬೇಡಿ ಎನ್ನುವುದೇ ಅದರ ಮುಕ್ಕಾಲು ಪಾಲು. ರತ್ನಮ್ಮ (ನಿಜವಾದ ಹೆಸರು ಬೇರೆ) ಕಲ್ಯಾಣದುರ್ಗದವರು. ಗಂಡನಿಂದ ಬಂದ ಕಾಯಿಲೆ, ಅವನು ತೀರಿಹೋಗಿದ್ದ. ಊರವರ ಕಣ್ಣಿಗೆ ಬೀಳಬಾರದೆಂದು ಅಷ್ಟು ದೂರದಿಂದ ಬಸ್ಸು ಹಿಡಿದು ನಮ್ಮಲ್ಲಿಗೆ ಬರುತ್ತಿದ್ದರು. ರವಿಕೆ ಹೊಲಿದು ಮಗಳಿಗೆ ನರ್ಸಿಂಗ್ ಓದಿಸುತ್ತಿದ್ದರು.

ಒಮ್ಮೆ ಅವರು ಬರುವುದು ನಿಂತಿತು. ಫೋನೂ ಎತ್ತಲಿಲ್ಲ. ಕೊನೆಗೆ ಸಂಬಂಧಿಕಳ ಹಾಗೆ ಅವರ ಮನೆಗೇ ಹೋದೆ. ಮಟಮಟ ಮಧ್ಯಾಹ್ನ, ಕರೆಂಟು ಇರಲಿಲ್ಲ. ಮಗಳು ಕಾಲೇಜಿಗೆ ಹೋಗಿದ್ದಳು. ರತ್ನಮ್ಮ ತೀರಾ ಇಳಿದುಹೋಗಿದ್ದರು.

“ಮಾತ್ರೆ ಬಿಟ್ಬುಟ್ಟೆ ಕಣಮ್ಮ,” ಎಂದರು. “ಹೊಸ ಮದ್ದು ಬತ್ತೈತಂತಲ್ಲ, ಆ ರೋಗದ ಬಾಯೇ ಮುಚ್ಚಿಸೋದು. ಫೋನಲ್ಲಿ ಯಾರೋ ತೆಲುಗಲ್ಲಿ ಹೇಳ್ತಿದ್ರು. ಅದು ಬಂದ್ಮೇಲೆ ಇವ್ಯಾಕೆ?”

ಅವರು ಕೇಳಿದ್ದು ಪೂರಾ ಸುಳ್ಳಲ್ಲ. ವೈರಸ್ಸಿನ ಜೀನನ್ನು ಸುಮ್ಮನಾಗಿಸುವ ಸಂಶೋಧನೆ ನಡೆದಿದೆ. ವೈರಸ್ಸು ನಮ್ಮ ಜೀವಕೋಶದೊಳಗೆ ಕೂತು, ತನ್ನಂಥವನ್ನೇ ಇನ್ನಷ್ಟು ಮಾಡು ಎಂದು ಆದೇಶ ಕಳಿಸುತ್ತದೆ. ಆ ಆದೇಶವನ್ನು ದಾರಿಯಲ್ಲೇ ಕತ್ತರಿಸಿದರೆ ಕೋಶ ಅದನ್ನು ಪಾಲಿಸಲಾರದು. ಇಷ್ಟನ್ನು ಬಿಡಿಸಿ ಹೇಳಿ, “ಅದಿನ್ನೂ ಲ್ಯಾಬಲ್ಲೇ ಐತಮ್ಮ. ಬರೋಗಂಟ ನೀವಿರಬೇಕಲ್ಲ,” ಎಂದೆ.

ರತ್ನಮ್ಮ ನನ್ನ ಪಕ್ಕಕ್ಕೆ ಸರಿದು ಕೂತರು. ಆಮೇಲೆ, “ಆ ರೋಗ ಮಾತಾಡೋದು ನಂಗೊತ್ತು. ಮಾತ್ರೆ ಬಿಟ್ಟ ಮ್ಯಾಲೆ ಮತ್ತೆ ಶುರು ಮಾಡೈತೆ. ನೀನೇ ಕೇಳಿ ನೋಡಮ್ಮ,” ಎಂದು ಮಣಿಕಟ್ಟನ್ನು ನನ್ನ ಕಿವಿಯ ಹತ್ತಿರ ತಂದರು.

ಅವರ ಮನಸ್ಸು ನೋಯಬಾರದೆಂದು ಬಾಗಿದೆ. ಕೇಳಿಸಿತು. ನಾಡಿಯ ಬಡಿತವಲ್ಲ. ಯಾರೋ ಬಾಯಿ ಮುಚ್ಚಿಕೊಂಡೇ ಯಾವುದೋ ಪಾಠ ಒಪ್ಪಿಸುತ್ತಿರುವ ಹಾಗೆ, ಉಸಿರಿಗೂ ನಿಲ್ಲದ ಸಣ್ಣ ದನಿ. ಕೈ ಸರಿಸಿದರೆ ಇಲ್ಲ, ಹತ್ತಿರ ತಂದರೆ ಮತ್ತೆ ಇದೆ. ನನ್ನ ಮಣಿಕಟ್ಟನ್ನೂ ಕಿವಿಗಿಟ್ಟುಕೊಂಡು ನೋಡಿದೆ, ಏನೂ ಕೇಳಲಿಲ್ಲ. ಎದ್ದು ನೀರು ಕುಡಿದೆ.

ನನ್ನ ಮುಖ ನೋಡಿ ಅವರಿಗೂ ಹೆದರಿಕೆಯಾಯಿತೋ ಏನೋ, ಮರುದಿನವೇ ಮಗಳನ್ನು ಕರೆದುಕೊಂಡು ಹಿಂದೂಪುರಕ್ಕೆ ಬಂದರು. ಡಾಕ್ಟರು ಪರೀಕ್ಷೆ ಮಾಡಿಸಿ ಮತ್ತೆ ಔಷಧಿ ಶುರು ಮಾಡಿದರು. ನಾನು ಕೇಳಿದ ದನಿಯ ವಿಷಯ ಹೇಳಿದಾಗ ಡಾಕ್ಟರು, “ಬಿಸಿಲಲ್ಲಿ ಹೋಗಿದ್ರಲ್ಲ,” ಎಂದಷ್ಟೇ ಅಂದರು.

ತಿಂಗಳುಗಳು ಕಳೆದು ರತ್ನಮ್ಮನ ಮೈ ಸುಧಾರಿಸಿತು. ರಕ್ತದಲ್ಲಿ ವೈರಸ್ಸು ಕಾಣುತ್ತಿಲ್ಲವೆಂದು ರಿಪೋರ್ಟು ಬಂದ ದಿನ, ನಾನು ಕೇಳುವ ಮೊದಲೇ ಅವರು ಕೈ ಚಾಚಿದರು. ಕಿವಿಯಿಟ್ಟೆ. ಏನೂ ಇರಲಿಲ್ಲ.

“ಹೋಗಿಲ್ಲ ಕಣಮ್ಮ,” ಎಂದರು. “ಸುಮ್ಕೆ ಕುಂತೈತೆ.”

ಮಾತ್ರೆಗೆ ವೈರಸ್ಸು ಅಡಗುತ್ತದೆಯೇ ಹೊರತು ಅಳಿಯುವುದಿಲ್ಲ ಎಂಬುದು ನಾನು ಓದಿ ತಿಳಿದದ್ದು. ಅದಕ್ಕೆ ದನಿಯಿಲ್ಲ ಎಂಬುದೂ ಗೊತ್ತು. ಹಾಗಾದರೆ ಕಲ್ಯಾಣದುರ್ಗದ ಆ ಮನೆಯಲ್ಲಿ ನನಗೆ ಕೇಳಿಸಿದ್ದೇನು?